‘ನೀನು’ ಎನ್ನುವ ಹಾಡುಗಳು

ಅದು ಶುರುವಾದದ್ದು ಶರತ್ಕಾಲದಲ್ಲಿ, ಓಣಿಯ ಮೂಲೆಯ ಪರ್ಸಿಮನ್ ಮರದ ಹಣ್ಣಿಗೆ ಬಣ್ಣ ಬರುತ್ತಿದ್ದ ದಿನಗಳಲ್ಲಿ, ಬೆಳಿಗ್ಗೆ ಅಕ್ಕಿ ತೊಳೆಯುವ ಹೊತ್ತಿಗೆ. ಜೊಮ್ರೆ ಅಕ್ಕಿಗೆ ಬಾರ್ಲಿ ಬೆರೆಸಿ ಎರಡನೇ ನೀರು ಬಸಿಯುತ್ತಿದ್ದಳು. ಒಳಕೋಣೆಯಲ್ಲಿ ಯಾರೋ ಗಂಡಸು ಹಾಡುವುದು ಕೇಳಿಸಿತು. ನಮ್ಮ ಕೊರಿಯಾದ ಭಾಷೆಯಲ್ಲ. ಜಪಾನಿಯೂ ಅಲ್ಲ, ಜಪಾನಿಯಾಗಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.

“ಯೊನಿ ಅಮ್ಮಾ, ಒಳಗ್ಯಾರೇ ಅದು ಗಂಡಸು?”

ಪುಟ್ಟ ಯೊನಿಯ ತಾಯಿ, ಸೊಸೆ ಇನ್ಸುನ್, ಕಾಗದದ ಬಾಗಿಲು ಸರಿಸಿ ತಲೆ ಹೊರಗೆ ಹಾಕಿದಳು. “ರೆಕಾರ್ಡು ಅತ್ತೆ. ರೇಡಿಯೊ ಅಂಗಡಿ ಪ್ಯೊ ಕೊಟ್ಟಿದ್ದು. ಯಾರೋ ಪ್ಲೇಯರ್ ರಿಪೇರಿಗೆ ಅಂತ ಕೊಟ್ಟು, ಎರಡು ವರ್ಷದಿಂದ ವಾಪಸು ಒಯ್ಯೋಕೇ ಬಂದಿಲ್ವಂತೆ. ಜೊತೆಗೆ ಈ ಒಂದು ರೆಕಾರ್ಡೂ ಇತ್ತು.”

“ಯಾವ ಭಾಷೆ?”

“ಜರ್ಮನ್.”

ಜೊಮ್ರೆ ಕೈ ನಿಲ್ಲಿಸಿದಳು. ಆ ಮನೆಯಲ್ಲಿ ವಸಂತದಿಂದೀಚೆಗೆ ಯಾರೂ ಆ ಮಾತೆತ್ತಿರಲಿಲ್ಲ. ಅವಳ ಮಗ ದೊಂಗ್ಮಾನ್ ಜರ್ಮನಿಯ ಗಣಿ ಕೆಲಸಕ್ಕೆ ಆಳು ಆರಿಸುವಲ್ಲಿಗೆ ಹೋಗಿದ್ದ. ಅರವತ್ತು ಕಿಲೋ ಮರಳಿನ ಮೂಟೆಯನ್ನು ತಲೆಯ ಮೇಲಕ್ಕೆ ಎತ್ತಬೇಕಿತ್ತು. ಎದೆಯ ತನಕ ಎತ್ತಿದ. ಅಲ್ಲಿ ಎಡ ಭುಜ ಕೈಕೊಟ್ಟಿತು. ಇದೇ ಓಣಿಯ ಇಬ್ಬರು ಎತ್ತಿ, ವಿಮಾನ ಹತ್ತಿ ಹೋದರು. ಅಂದಿನಿಂದ ದೊಂಗ್ಮಾನ್ ಕಲ್ಲಿದ್ದಲ ಬಿಲ್ಲೆಗಳ ಅಂಗಳದಲ್ಲಿ ಬಿಲ್ಲೆ ಎಣಿಸಿ ಕೊಡುವ ಕೆಲಸಕ್ಕೆ ಹೋಗುತ್ತಾನೆ. ಯಾರಾದರೂ ಜರ್ಮನಿ ಎಂದರೆ ಊಟದ ನಡುವೆಯೂ ಚಮಚ ಕೆಳಗಿಡುತ್ತಾನೆ.

“ಅವನ ಕಿವಿಗೆ ಬಿದ್ರೆ ಏನೇ ಗತಿ?”

“ಬೀಳ್ಲಿ ಅತ್ತೆ. ಅಲ್ಲಿನ ಆಸ್ಪತ್ರೆಗಳಿಗೆ ದಾದಿಯರನ್ನೂ ಕರೀತಿದ್ದಾರೆ. ನಾನು ಅರ್ಜಿ ಹಾಕಿದ್ದೀನಿ. ನಾಲ್ಕು ಮಾತು ಭಾಷೆ ಬಂದ್ರೆ ಮೊದಲು ತಗೋತಾರಂತೆ.”

“ಎಷ್ಟು ದಿನ?”

“ಮೂರು ವರ್ಷ.”

“ಮಗು?”

“ನೀವಿದ್ದೀರಲ್ಲ.”

“ನಾನಿದ್ದೀನಿ ಅಂತ ಯಾರೇ ಹೇಳಿದ್ರು ನಿಂಗೆ?” ಎಂದು ಜೊಮ್ರೆ ನೀರು ಚೆಲ್ಲಿದ ರಭಸಕ್ಕೆ ಒಂದು ಹಿಡಿ ಅಕ್ಕಿಯೂ ಮೋರಿಗೆ ಹೋಯಿತು. ಆಮೇಲೆ ಅವಳೇ ಕೂತು ಒಂದೊಂದೇ ಕಾಳು ಆರಿಸಿದಳು.

ಅಂದು ಸಂಜೆ ಊಟಕ್ಕೆ ಮೂಲಂಗಿ ಸೊಪ್ಪಿನ ಸಾರು, ಕಿಮ್ಚಿ, ಹುರಿದ ಒಣಮೀನು. ಇನ್ಸುನ್ ಗಂಡನ ಬಟ್ಟಲಿಗೆ ಅನ್ನ ಹಾಕಿ, ಹಾಗೇ ಮಾತೂ ಹಾಕಿದಳು. ದೊಂಗ್ಮಾನ್ ಚಮಚ ಕೆಳಗಿಡಲಿಲ್ಲ. ಅದನ್ನು ಹಿಡಿದುಕೊಂಡೇ ಕೂತ.

“ಹಾಡು ಕೇಳಿ ಭಾಷೆ ಕಲೀತಾಳಂತೆ. ಕೇಳ್ದೆಯೇನಮ್ಮಾ? ಹಾಗಾದ್ರೆ ಗಿಳಿಗಳೆಲ್ಲ ಮೇಷ್ಟ್ರಾಗ್ಬೇಕಿತ್ತು.”

“ಪುಸ್ತಕ ಇದ್ದಿದ್ರೆ ಪುಸ್ತಕದಲ್ಲೇ ಕಲೀತಿದ್ದೆ,” ಎಂದಳು ಇನ್ಸುನ್. “ವಸಂತದಲ್ಲಿ ನೀವು ತಂದಿದ್ರಲ್ಲ, ಅದೆಲ್ಲಿ ಯೊನಿ ಅಪ್ಪ?”

“ಒಲೆಗೆ ಹಾಕ್ದೆ.”

“ಸರಿ ಬಿಡಿ. ಹಾಡಿದೆ.”

“ನಾಲ್ಕು ವರ್ಷದ ಮಗು ಬಿಟ್ಟು ಹೋಗೋಳು ತಾಯಿನಾ?” ಎಂದಳು ಜೊಮ್ರೆ.

ಇನ್ಸುನ್ ಯೊನಿಯ ಬಾಯಿಗೆ ಒಂದು ತುತ್ತಿಟ್ಟು, ಅದು ನುಂಗುವ ತನಕ ಕಾದಳು. “ಇವಳು ಸ್ಕೂಲಿಗೆ ಹೋಗೋ ಹೊತ್ತಿಗೆ ಈ ಸೋರೋ ಬಾಡಿಗೆ ಮನೆಯಿಂದ ಹೋಗ್ಬಾರ್ದು ಅತ್ತೆ. ಅಷ್ಟೇ ನನ್ನ ಲೆಕ್ಕ. ಬೈಯೋದಿದ್ರೆ ಬೈರಿ, ಹೋಗೋದು ಹೋಗ್ತೀನಿ.”

ಅದಾದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು, ಹಾಡು ಜಾಸ್ತಿಯಾಯಿತು.

ರೆಕಾರ್ಡಿನ ಎರಡು ಬದಿ ಸೇರಿ ಹನ್ನೆರಡು ಹಾಡು. ಹೆರಿಗೆ ಆಸ್ಪತ್ರೆಯ ಅರ್ಧ ದಿನದ ಕೆಲಸ ಮುಗಿಸಿ ಬಂದು ಇನ್ಸುನ್ ಪ್ಲೇಯರ್ ಮುಂದೆ ಕೂರುವಳು. ಒಂದು ಸಾಲು ಕೇಳಿ ಮುಳ್ಳು ಎತ್ತುವಳು, ಬರೆದುಕೊಳ್ಳುವಳು, ಮತ್ತೆ ಮುಳ್ಳು ಇಡುವಳು. ಆಸ್ಪತ್ರೆಯ ಡಾಕ್ಟರರ ಮಗನಿಂದ ಎರವಲು ತಂದ ಅಂಗೈಯಗಲದ ನಿಘಂಟಿನಲ್ಲಿ ಒಂದೊಂದೇ ಮಾತು ಹುಡುಕುವಳು. ಕಿಮ್ಚಿಯ ಕೋಸಿಗೆ ಉಪ್ಪು ಹಾಕುವಾಗ ಹಾಡುವಳು. ಪಂಪಿನ ಹತ್ತಿರ ಬಟ್ಟೆ ಬಡಿಯುವಾಗ, ಬಡಿತಕ್ಕೊಂದು ಮಾತಿನಂತೆ ಹೇಳುವಳು. ಮಗು ಯೊನಿಗೆ ಎಲ್ಲಾ ಬಾಯಿಗೆ ಬಂತು. ಜೊಮ್ರೆಗೂ ಬಂತು, ಬೇಡವೆಂದರೂ ಬಂತು. ಒಂದು ಸಲ ಕೇಳಿದ್ದು ಅವಳಿಗೆ ಮರೆಯುತ್ತಿರಲಿಲ್ಲ, ಅದು ಅವಳ ಹಳೆಯ ಕಾಟ.

ಒಂದು ದಿನ ಸೋಯಾ ಕಾಳು ಆರಿಸುತ್ತಾ ಅವಳೇ ಕೇಳಿದಳು. “ಅಲ್ಲವೇ, ಈ ಮೂರನೇ ಹಾಡಲ್ಲಿ ಅವನ್ಯಾರನ್ನ ಅಷ್ಟು ಗೋಗರೀತಾನೆ?”

“ಚಂದ್ರನ್ನ ಅತ್ತೆ. ‘ವೋ ಗೇಸ್ಟ್ ದು ಹಿನ್’ ಅಂದ್ರೆ ‘ಎಲ್ಲಿಗೆ ಹೋಗ್ತೀಯ’ ಅಂತ.”

“ಎಲ್ಲಾ ಹಾಡಲ್ಲೂ ದು ದು ಅಂತ ಬರುತ್ತಲ್ಲ?”

“ಎದುರಿಗಿರೋರನ್ನ ಕರೆಯೋ ಮಾತದು.”

ಬಾಗಿಲ ಬಳಿ ಶೂ ಕಳಚುತ್ತಿದ್ದ ದೊಂಗ್ಮಾನ್‌ಗೆ ಕೆಮ್ಮು ಬಂತು. ನಗುವನ್ನು ನುಂಗಿದ ಕೆಮ್ಮಿನ ಹಾಗಿತ್ತು ಅದು. ಏನೋ ಹೇಳಲು ಬಾಯಿ ತೆರೆದವನು, ಹೇಳದೆ, ಕೈ ತೊಳೆಯಲು ಪಂಪಿನ ಕಡೆ ಹೋದ.

ಸಂದರ್ಶನ ಅಕ್ಟೋಬರ್ ಕೊನೆಯ ಸೋಮವಾರ. ಅಂದು ಬೆಳಿಗ್ಗೆ ಇನ್ಸುನ್ ತಲೆ ಬಾಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಊಟದ ಮಣೆಯ ಮುಂದೆ ಕೂತಳು. ಜೊಮ್ರೆ ಬಟ್ಟಲು ತಂದಿಟ್ಟಳು. ಕಡಲಪಾಚಿಯ ಸಾರು, ಹುಟ್ಟಿದಹಬ್ಬಕ್ಕೆ ಮಾಡುವಂಥದು.

ಪರೀಕ್ಷೆಗೆ ಹೋಗುವವರಿಗೆ ಯಾರೂ ಕಡಲಪಾಚಿ ಬಡಿಸುವುದಿಲ್ಲ. ಅದು ಜಾರುತ್ತದೆ, ಉಂಡವರೂ ಜಾರುತ್ತಾರೆ. ಅಂಟಲೆಂದು ಅಂಟುಮಿಠಾಯಿ ಕೊಡುತ್ತಾರೆ. ಓಣಿಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಇನ್ಸುನ್ ಬಟ್ಟಲು ನೋಡಿದಳು, ಅತ್ತೆಯ ಮುಖ ನೋಡಿದಳು. ಜೊಮ್ರೆ ಒಲೆಯ ಕಡೆ ತಿರುಗಿಕೊಂಡಳು.

“ಚೆನ್ನಾಗಾಗಿದೆ ಅತ್ತೆ,” ಎಂದು ಇನ್ಸುನ್ ತಳದ ಪಾಚಿಯನ್ನೂ ಬಿಡದೆ ಉಂಡು, ಬಟ್ಟಲು ತೊಳೆದಿಟ್ಟು ಹೋದಳು.

ಮಧ್ಯಾಹ್ನ ಮೂರಕ್ಕೆ ವಾಪಸು ಬಂದಳು. ಬಿಳಿ ಅಂಗಿ ಬಿಚ್ಚಿ ಮಡಿಸಿಟ್ಟು, ನೇರ ಅಂಗಳಕ್ಕೆ ಬಂದು ಮೂಲಂಗಿ ಹೆಚ್ಚಲು ಕೂತಳು. ಚಳಿಗಾಲದ ಕಿಮ್ಚಿ ಹಾಕುವ ಸಮಯ. ಮೂಲಂಗಿ ಗುಡ್ಡೆ ಬಿದ್ದಿತ್ತು. ಹತ್ತು ಮೂಲಂಗಿ ಮುಗಿದರೂ ಸೊಸೆ ಬಾಯಿ ಬಿಚ್ಚಲಿಲ್ಲ. ಜೊಮ್ರೆಗೆ ತಡೆಯಲಾಗಲಿಲ್ಲ.

“ಏನಾಯ್ತೇ?”

“ಆಗ್ಲಿಲ್ಲ. ಆರು ವಾರ ಬಿಟ್ಟು ಇನ್ನೊಂದು ಸಲ ಬಾ ಅಂದ್ರು.”

“ಮಾತು ಬರ್ಲಿಲ್ವಾ?”

“ಬಂತು. ಅದೇ ತೊಂದ್ರೆ ಆಯ್ತು.” ಇನ್ಸುನ್ ಚಾಕು ಕೆಳಗಿಟ್ಟಳು. “ತಲೆಯೆಲ್ಲ ಬೆಳ್ಳಗಾದ ಜರ್ಮನ್ ಡಾಕ್ಟರಮ್ಮ. ನಿದ್ದೆ ಬರದೆ ಇರೋ ರೋಗಿಗೆ ಏನು ಹೇಳ್ತೀಯಾ ಅಂತ ಕೇಳಿದ್ರು. ಲಾಲಿ ಹಾಡಲ್ಲಿತ್ತಲ್ಲ, ಅದನ್ನೇ ಅವರ ಮುಖ ನೋಡ್ಕೊಂಡು ಹೇಳ್ದೆ. ‘ಮಲಗು ನನ್ನ ಮುದ್ದೇ, ಅಳಬೇಡ ನೀನು, ಚಂದ್ರ ಬಂದ’ ಅಂತ. ಆಯಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ್ರು. ಪಕ್ಕದಲ್ಲಿದ್ದ ನಮ್ಮ ಕಡೆ ಅಧಿಕಾರಿ ಮಾತ್ರ ಮೇಜು ಕುಟ್ಟಿದ. ‘ಯಾವ ಮನೆ ಹೆಂಗ್ಸಮ್ಮಾ ನೀನು? ನಿನ್ನ ತಾಯಿ ವಯಸ್ಸಿನ ಡಾಕ್ಟರನ್ನ ಬಂದಾಗಿಂದ ನೀನು ನೀನು ಅಂತಿದ್ದೀಯಲ್ಲ’ ಅಂದ. ನಂಗೆ ಅರ್ಥವೇ ಆಗ್ಲಿಲ್ಲ ಅತ್ತೆ. ಹಾಡಲ್ಲಿದ್ದಿದ್ದನ್ನೇ ತಾನೇ ಹೇಳಿದ್ದು?”

ಜೊಮ್ರೆಯ ಕೈ ತನ್ನದೇ ಎಡಗೆನ್ನೆಗೆ ಹೋಯಿತು.

“ಹದಿನಾಲ್ಕು ವರ್ಷ ನಂಗೆ. ನೂಲಿನ ಗಿರಣಿ,” ಎಂದಳು. “ಜಪಾನಿ ಹಾಡು ಹಾಡಿಸೋರು ಕೆಲಸ ಮಾಡುವಾಗ. ಆ ಹಾಡಿಂದಾನೇ ನಾನೂ ಅವರ ಭಾಷೆ ಕಲ್ತೆ. ಒಂದಿನ ಮೇಸ್ತ್ರಿ ಕಂಡಾಗ ಬುದ್ಧಿವಂತೆ ಥರ ಹಾಡಲ್ಲಿದ್ದ ಹಾಗೇ ಅಂದೆ, ‘ಬಾರೋ ಇಲ್ಲಿ’ ಅಂತ. ಕೊಟ್ಟ ನೋಡು ಕೆನ್ನೆಗೆ. ಹಾಡಲ್ಲಿ ಯಾರೂ ಯಾರಿಗೂ ‘ನೀವು’ ಅನ್ನಲ್ಲ ಕಣೇ. ದೇವರಿಗೇ ನೀನು ಅಂತಾರೆ, ಇನ್ನು ಡಾಕ್ಟರಮ್ಮ ಯಾವ ಲೆಕ್ಕ?”

“ಹಾಗಾದ್ರೆ ಜರ್ಮನಿಯೋರು ‘ನೀವು’ ಅನ್ನೋಕೆ ಏನಂತಾರೆ?”

“ಅದನ್ನ ಗಿರಣಿಯಲ್ಲಿ ಹೇಳ್ಕೊಡ್ಲಿಲ್ಲ,” ಎಂದಳು ಜೊಮ್ರೆ. ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಇನ್ಸುನ್ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಮೂಲಂಗಿಯ ಖಾರಕ್ಕೂ ಇರಬಹುದು.

ಆ ವಾರವೇ ಚಳಿ ಇಳಿಯಿತು. ಜೊಮ್ರೆ ದಪ್ಪ ರಜಾಯಿ ತೆಗೆಯಲೆಂದು ಮಗನ ಕೋಣೆಯ ಪೆಟ್ಟಿಗೆ ತೆರೆದಳು. ಅತ್ಯಂತ ಕೆಳಗಿನ ರಜಾಯಿಯ ಮಡಿಕೆಯೊಳಗೆ ಒಂದು ಪುಸ್ತಕ ಸಿಕ್ಕಿತು. ಅಂಚು ಕೂಡ ಸುಟ್ಟಿರಲಿಲ್ಲ.

ಅವಳು ಅಕ್ಷರ ಕಲಿತದ್ದು ಒಂದೇ ಒಂದು ಚಳಿಗಾಲ, ಚರ್ಚಿನ ಹಿಂದಿನ ಕೊಟ್ಟಿಗೆಯಲ್ಲಿ. ಬೆಳಕಿದ್ದ ಕಡೆ ಕೂತು ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. ಮೊದಲನೇ ಪಾಠ. ಹಿರಿಯರಿಗೆ, ಪರಿಚಯವಿಲ್ಲದವರಿಗೆ, ಕೆಲಸದ ಜಾಗದಲ್ಲಿ ಎಲ್ಲರಿಗೂ ‘ಜೀ’ ಎನ್ನಬೇಕು. ಮನೆಯವರಿಗೆ, ಮಕ್ಕಳಿಗೆ, ದೇವರಿಗೆ ಮಾತ್ರ ‘ದು’. ಅದರ ಕೆಳಗೆ ಮಗ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಎರಡು ಗೆರೆ.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಜೊಮ್ರೆ ಮಗನ ಮುಂದೆ ಅನ್ನದ ಬಟ್ಟಲಿಡುವ ಜಾಗದಲ್ಲಿ ಪುಸ್ತಕ ಇಟ್ಟಳು.

“ಉಣ್ಣು.”

ದೊಂಗ್ಮಾನ್ ಚಮಚ ಕೆಳಗಿಟ್ಟ.

“ಮೊದಲನೇ ಪಾಠ ಕಣೋ ಇದು! ಮೊದಲನೇದು! ನನ್ನಂಥ ಹೆಬ್ಬೆಟ್ಟಿಗೂ ಅರ್ಥವಾಯ್ತು. ನಿನ್ನ ಹೆಂಡ್ತಿ ನಿನ್ನ ಕಣ್ಣೆದುರಿಗೆ ನಾಲ್ಕು ವಾರ ದು ದು ಅಂತ ತಪ್ಪು ಹಾಡ್ತಿದ್ಲು. ನೀನು ಬಾಗಿಲಲ್ಲಿ ನಿಂತು ಕೆಮ್ತಿದ್ದೆ.”

“ನಂಗೇನು ಕೇಳಿದ್ಲಾ ಅವಳು?”

“ಕೇಳಿದ್ಲು! ‘ಪುಸ್ತಕ ಎಲ್ಲಿ’ ಅಂತ ಇದೇ ಮಣೆ ಮುಂದೆ ಕೇಳಿದ್ಲು. ಒಲೆಗೆ ಹಾಕ್ದೆ ಅಂದೆ.”

ದೊಂಗ್ಮಾನ್ ಮುಖ ಕೆಂಪಾಯಿತು. “ನಾನು ಬರೀ ಸುಮ್ನಿದ್ದೆ ಅಮ್ಮಾ. ಪರೀಕ್ಷೆ ದಿನ ಬೆಳಿಗ್ಗೆ ಪಾಚಿ ಸಾರು ಮಾಡಿ ಬಡಿಸಿದ್ದು ಯಾರು? ನಾನಾ?”

ಜೊಮ್ರೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಯೊನಿ ಅಪ್ಪನನ್ನೂ ಅಜ್ಜಿಯನ್ನೂ ನೋಡಿ, “ಯಾರ ಹುಟ್ಟಿದಹಬ್ಬ ಇತ್ತು?” ಎಂದು ಕೇಳಿತು.

ಇನ್ಸುನ್ ಪುಸ್ತಕ ಎತ್ತಿಕೊಂಡು, ಅದಿದ್ದ ಜಾಗದಲ್ಲಿ ಗಂಡನ ಅನ್ನದ ಬಟ್ಟಲಿಟ್ಟಳು.

“ಅದು ಪಾಚಿ ಸಾರು ಅಂತ ನಂಗೆ ಕಣ್ಣು ಕಾಣ್ತಿರ್ಲಿಲ್ವಾ? ಗೊತ್ತಿದ್ದೇ ಉಂಡೆ. ಜಾರಿದ್ದು ಸಾರಿಂದಲ್ಲ, ಇದರಿಂದ.” ಪುಸ್ತಕದ ಮೇಲೆ ಬೆರಳಿಂದ ತಟ್ಟಿದಳು. “ಐದು ವಾರ ಉಳಿದಿದೆ. ಯಾರು ಯಾರಿಗೆ ಏನು ಮಾಡಿದ್ರು ಅಂತ ಪಂಚಾಯ್ತಿ ಕೂರಿಸೋಕೆ ನಂಗೆ ಹೊತ್ತಿಲ್ಲ. ಯೊನಿ ಅಪ್ಪ, ಈ ಪೆನ್ಸಿಲ್ ಗೆರೆ ಎಳೆದಿರೋರು ನೀವು. ಎಷ್ಟು ಪಾಠ ಬರುತ್ತೆ ನಿಮಗೆ?”

ದೊಂಗ್ಮಾನ್ ಅನ್ನದೊಳಗೆ ನೋಡುತ್ತಾ ಅಂದ, “ಹದಿನೆಂಟು.”

“ಬಾಯಿಪಾಠಾನಾ?”

“ಹ್ಞೂಂ.”

“ಹಾಗಾದ್ರೆ ಮೊದಲು ಉಣ್ಣಿ. ಆಮೇಲೆ ಒಂದನೇದು ಹೇಳ್ಕೊಡಿ.”

ಅವನು ಹೇಳಿಕೊಟ್ಟ. ಮೊದಮೊದಲು ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದ. ಎಂಟು ದಿನ ಕಳೆಯುವಷ್ಟರಲ್ಲಿ ಅವಳು ತಪ್ಪಿದಾಗ ಮಣೆಗೆ ಚಮಚದಿಂದ ಬಡಿಯುವಷ್ಟು ಮೇಷ್ಟ್ರಾದ. ಆದರೆ ಕಷ್ಟ ಬೇರೆಯೇ ಇತ್ತು. ಪಾಠದ ಮಾತು ಇನ್ಸುನ್ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಗಡಿಬಿಡಿಯಲ್ಲಿ ಬಾಯಿ ತೆರೆದರೆ ಹಾಡಿನ ಮಾತೇ ಮೊದಲು ಹೊರಗೆ ಬೀಳುತ್ತಿತ್ತು. “ಗೂಟೆನ್ ಮೋರ್ಗೆನ್, ದು...” ಎಂದವಳೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ದಾರಿ ಹೇಳಿದ್ದು ಜೊಮ್ರೆ. ಅಂಗಳದಲ್ಲಿ ಕಿಮ್ಚಿಯ ಜಾಡಿಗಳನ್ನು ಹೂಳುತ್ತಿದ್ದರು. ದೊಂಗ್ಮಾನ್ ಗುಂಡಿ ತೋಡುತ್ತಿದ್ದ, ಹೆಂಗಸರಿಬ್ಬರೂ ಜಾಡಿಗೆ ಕೋಸು ಒತ್ತಿ ತುಂಬುತ್ತಿದ್ದರು.

“ಹಾಡಲ್ಲಿ ಬಂದಿದ್ದು ಹಾಡಲ್ಲೇ ಹೋಗ್ಬೇಕು,” ಎಂದಳು. “ಹಾಡನ್ನೇ ತಿದ್ದಿ. ಚಂದ್ರಂಗೂ ಮರ್ಯಾದೆ ಕೊಡಿ.”

“ಚಂದ್ರಂಗೆ ಜೀ ಅನ್ನೋದಾ?” ದೊಂಗ್ಮಾನ್ ಸಲಿಕೆ ಊರಿ ನಿಂತು ನಕ್ಕ. ಆ ವರ್ಷ ಅವನು ನಕ್ಕದ್ದು ಅದೇ ಮೊದಲು. “ಜರ್ಮನಿಯೋರು ಕೇಳಿದ್ರೆ ಹುಚ್ಚರು ಅಂತಾರೆ.”

“ಅವರು ಕೇಳೋಕೆ ಇಲ್ಲಿಗೆ ಬರ್ತಾರಾ? ನೀನು ಮಾತು ಕೂಡಿಸು, ಸಾಕು.”

ಅವನು ಕೂಡಿಸಿದ. ‘ವೋ ಗೇಸ್ಟ್ ದು ಹಿನ್’ ಹೋಗಿ ‘ವೋ ಗೇಯೆನ್ ಜೀ ಹಿನ್’ ಆಯಿತು. ಎಲ್ಲಿಗೆ ಹೊರಟಿರಿ, ಚಂದ್ರರಾಯರೇ? ಒಂದಕ್ಷರ ಹೆಚ್ಚಾಗಿ ಧಾಟಿ ಕುಂಟಿತು. ಯೊನಿ ಆ ಜಾಗ ಬಂದಾಗಲೆಲ್ಲ ಒಂದು ಹೆಜ್ಜೆ ಜಾಸ್ತಿ ಕುಣಿದು ಸರಿ ಮಾಡಿಕೊಂಡಳು. ಇನ್ನೊಂದು ಹಾಡಲ್ಲಿ ಸೈನಿಕ ತನ್ನ ಹುಡುಗಿಗೆ ‘ನೀವು’ ಅಂದ. ಲಾಲಿಯಲ್ಲಿ ತಾಯಿ ತೊಟ್ಟಿಲಿಗೆ ‘ಅಳಬೇಡಿ, ತಾವು ಮಲಗಿ’ ಅಂದಳು. ಪಂಪಿನ ಹತ್ತಿರ, ಒಲೆಯ ಹತ್ತಿರ, ಹನ್ನೆರಡು ಹಾಡೂ ಮರ್ಯಾದೆಯಿಂದ ಮೊಳಗಿದವು. ಪಕ್ಕದ ಮನೆಯ ಹೆಂಗಸು ಗೋಡೆಯಾಚೆಯಿಂದ, “ಈ ಮನೆಗೆ ಭೂತ ಬಡಿದಿದೆಯಾ?” ಎಂದು ಕೇಳಿದಳು. “ಹೌದಕ್ಕಾ, ಜರ್ಮನ್ ಭೂತ, ಬಹಳ ಮರ್ಯಾದಸ್ಥ ಭೂತ,” ಎಂದಳು ಜೊಮ್ರೆ.

ಹಾಡು ಮುಗಿದ ಮೇಲೆ ರೋಗಿ ಆಟ. ಜೊಮ್ರೆ ಒಲೆಯ ಕಾವಿಗೆ ಬೆಚ್ಚಗಾದ ನೆಲದ ಮೇಲೆ ಉದ್ದಕ್ಕೆ ಮಲಗಿ ನರಳುವಳು. ಇನ್ಸುನ್ ಎಲ್ಲಿ ನೋವು, ನೀರು ಬೇಕೇ, ಮಗ್ಗುಲು ತಿರುಗಿಸಲೇ ಎಂದು ‘ಜೀ’ ಹಾಕಿ ಕೇಳುವಳು. ‘ದು’ ಜಾರಿದರೆ ರೋಗಿಯೇ ಎದ್ದು ಬೆನ್ನಿಗೊಂದು ಗುದ್ದುವಳು.

“ಅಮ್ಮಾ, ಅಲ್ಲಿ ರೋಗಿಯೂ ದಾದಿಗೆ ಜೀ ಅಂತಲೇ ಅನ್ಬೇಕು,” ಎಂದ ದೊಂಗ್ಮಾನ್. “ದಾದಿಯನ್ನ ‘ಶ್ವೆಸ್ಟರ್’ ಅಂತ ಕರೀಬೇಕು. ಅಕ್ಕಾ ಅಂದ ಹಾಗೆ. ಪುಸ್ತಕದಲ್ಲಿದೆ. ನೀನೂ ಹಾಗೇ ಅನ್ನು, ಅವಳಿಗೆ ರೂಢಿಯಾಗ್ಲಿ.”

“ನಾನು? ನನ್ನ ಸೊಸೆಗೆ ‘ನೀವು’ ಅನ್ಬೇಕಾ?” ಜೊಮ್ರೆ ಎದ್ದು ಕೂತಳು. “ಹೋಗೋ. ಈ ರೋಗಿ ಸತ್ರೂ ಹಾಗನ್ನಲ್ಲ.”

“ಅತ್ತೆ, ಆಟಕ್ಕೆ.”

“ಆಟಕ್ಕೂ ಇಲ್ಲ. ನರಳು ಅಂದ್ರೆ ನರಳ್ತೀನಿ. ಅಷ್ಟು ಸಾಕು ನಿಂಗೆ.”

ಡಿಸೆಂಬರ್ ಎರಡನೇ ವಾರ ಮತ್ತೆ ಸಂದರ್ಶನ. ಅಂದು ಬೆಳಿಗ್ಗೆ ಜೊಮ್ರೆ ಅನ್ನ, ಮೊಟ್ಟೆ, ಸುಟ್ಟ ಮೀನು ಇಟ್ಟಳು. ಸಾರೇ ಮಾಡಲಿಲ್ಲ; ಯಾವ ಸಾರೂ ಬೇಡವೆಂದು. ಸೊಸೆ ಹೊಸ್ತಿಲು ದಾಟುವಾಗ ಕೂಗಿ ನಿಲ್ಲಿಸಿ, ಸೊಂಟದ ಗಂಟಿನಿಂದ ಅಂಟುಮಿಠಾಯಿ ತೆಗೆದು ತಾನೇ ಅವಳ ಬಾಯಿಗೆ ತುರುಕಿದಳು. “ಕಚ್ಬೇಡ. ಅಂಟ್ಕೊಳ್ಲಿ.” ಉಳಿದ ತುಂಡನ್ನು ಹೋಗಿ ಪರೀಕ್ಷೆ ನಡೆಯುವ ಕಟ್ಟಡದ ಗೇಟಿಗೇ ಮೆತ್ತಿ ಬಂದಳೆಂದು ದೊಂಗ್ಮಾನ್ ಆಮೇಲೆ ಎಲ್ಲರೆದುರು ಆಡಿಕೊಂಡ. ಅವಳು ಅಲ್ಲ ಎನ್ನಲಿಲ್ಲ.

ಅದೇ ಬೆಳ್ಳಿ ಕೂದಲಿನ ಡಾಕ್ಟರಮ್ಮ ಇದ್ದರಂತೆ. ಗುರುತು ಹಿಡಿದು, “ಇವತ್ತು ನಾನು ನಿಮ್ಮ ಮುದ್ದಲ್ಲವೇ?” ಎಂದರಂತೆ.

“ನೀನೇನಂದೆ?” ಎಂದಳು ಜೊಮ್ರೆ.

“‘ಇಲ್ಲ, ಇವತ್ತು ನೀವು ನನ್ನ ಡಾಕ್ಟರು’ ಅಂದೆ. ಜೀ ಹಾಕಿ.”

“ಆಮೇಲೆ?”

“ಆಮೇಲೆ ಸಹಿ ಹಾಕಿದ್ರು ಅತ್ತೆ.”

ಜೊಮ್ರೆ ಅಂಗಿಯ ತುದಿಗೆ ಕೈ ಒರೆಸಿಕೊಂಡು, “ಹಸಿವಾಗಿರಬೇಕು,” ಎಂದು ಒಳಗೆ ಹೋದಳು. ಅಂದು ಮಧ್ಯಾಹ್ನ ಕಡಲಪಾಚಿಯ ಸಾರು ಮಾಡಿದಳು, ಮಾಂಸದ ಚೂರು ಹಾಕಿ. ಈಗ ಜಾರುವುದೇನೂ ಉಳಿದಿರಲಿಲ್ಲ. ಎಲ್ಲರೂ ಎರಡೆರಡು ಬಟ್ಟಲು ಉಂಡರು.

ಚಾಂದ್ರಮಾನ ಹೊಸ ವರ್ಷದ ಅಕ್ಕಿ ಕಡುಬಿನ ಸಾರು ಉಂಡು ಎರಡು ವಾರವಾಗಿತ್ತು. ಹೊರಡುವ ದಿನ ಬೆಳಿಗ್ಗೆ ದೊಂಗ್ಮಾನ್ ಹೆಂಡತಿಯ ಟ್ರಂಕನ್ನು ಬಲ ಭುಜಕ್ಕೆ ಏರಿಸಿದ. ಒಳಗೆ ಬಟ್ಟೆಗಿಂತ ಮೆಣಸಿನ ಪುಡಿ, ಒಣಮೀನು, ಸೋಯಾ ಹಿಟ್ಟೇ ಜಾಸ್ತಿ. ಗಾಡಿ ಕರೆಯೋಣವೆಂದರೆ ಕೇಳಲಿಲ್ಲ. ದೆಗು ನಿಲ್ದಾಣದ ತನಕ ಒಂದೇ ಸಲ ಭುಜ ಬದಲಿಸಿದ. ಆಗ ಎಡ ಭುಜಕ್ಕೂ ಕೊಟ್ಟ.

ಸೋಲ್‌ಗೆ ಹೋಗುವ ರೈಲು ನಿಂತಿತ್ತು. ಇನ್ಸುನ್ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಅಂಗಿಯ ಗುಂಡಿ ಹಾಕಿದಳು. ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕಿದಳು.

“ರೆಕಾರ್ಡು ದಿನಾ ಹಾಕು. ಅಜ್ಜಿ ಜೊತೆ ಹಾಡು.”

“ಚಂದ್ರಂಗೆ ಜೀನಾ, ದುನಾ?” ಎಂದು ಕೇಳಿತು ಯೊನಿ.

“ದು. ಇನ್ನು ಮೇಲೆ ದು ಅನ್ನು. ಚಂದ್ರ ನಮ್ಮವನು.”

ಎದ್ದು ಅತ್ತೆಗೆ ಬಾಗಿ ನಮಸ್ಕರಿಸಿದಳು. ಜೊಮ್ರೆ ಬೇರೆ ಕಡೆ ನೋಡುತ್ತಾ ನಿಂತಿದ್ದಳು. ರೈಲಿನ ಗಾರ್ಡು ಸೀಟಿ ಊದಿದ. ಇನ್ಸುನ್ ಮೆಟ್ಟಿಲ ಮೇಲೆ ಕಾಲಿಟ್ಟಳು. ಆಗ ಮುದುಕಿ ಗಟ್ಟಿಯಾಗಿ, ಪಾಠ ಒಪ್ಪಿಸುವವಳ ಹಾಗೆ, ಅಂದಳು:

“ಶ್ವೆಸ್ಟರ್! ವೋ ಗೇಯೆನ್ ಜೀ ಹಿನ್?”

ಎಲ್ಲಿಗೆ ಹೊರಟಿರಿ, ಅಕ್ಕಾ?

ದೊಂಗ್ಮಾನ್ ತಾಯಿಯನ್ನೇ ನೋಡಿದ. ಇನ್ಸುನ್ ಕಂಬಿ ಹಿಡಿದು ನಿಂತಳು. ಆಮೇಲೆ ಲಾಲಿಯ ಸಾಲನ್ನು, ರೆಕಾರ್ಡಿನಲ್ಲಿ ಮೊದಲು ಹೇಗಿತ್ತೋ ಹಾಗೇ, ಮೆಲ್ಲಗೆ ಹೇಳಿದಳು. ಅಳಬೇಡ, ನೀನು.

“ಯಾರಿಗೇ ದು ಅಂತಿದ್ದೀಯಾ?” ಜೊಮ್ರೆ ಮೂಗೊರೆಸಿಕೊಳ್ಳುತ್ತಾ ಗದರಿದಳು. “ಅಷ್ಟು ಕಲಿಸಿದ್ದು ನೀರಲ್ಲಿ ಹೋಯ್ತಾ?”

“ಮೊದಲನೇ ಪಾಠ ಅತ್ತೆ,” ಎಂದಳು ಇನ್ಸುನ್. “ಮನೆಯವರಿಗೆ ಹಾಗೇ ಅನ್ಬೇಕು.”

ರೈಲು ಅಲುಗಿತು. ಯೊನಿ ಕೈಬೀಸುತ್ತಾ ಒಂದು ಹೆಜ್ಜೆ ಜಾಸ್ತಿ ಕುಣಿದಳು.

ಇನ್ಸುನ್ ಹೊರಟದ್ದು ವರ್ಷದ ಮೊದಲ ಹುಣ್ಣಿಮೆಯ ಹಿಂದಿನ ದಿನ, ಗುರುವಾರ.